ಪೇಟೆ ಬೀದಿಗೆ ‘ಮಿಶ್ರ ಬಳಕೆ’: ನಕ್ಷೆಯ ಬಣ್ಣ ಬದಲಾದರೆ ಸಾಕೇ?

ಚಿಕ್ಕಬಳ್ಳಾಪುರ: ಕೆಳಗೆ ಅಂಗಡಿ, ಮೇಲೆ ಮನೆ, ಹಿಂದೆ ಗೋದಾಮು. ಚಿಕ್ಕಬಳ್ಳಾಪುರದ ಬಜಾರ್ ರಸ್ತೆ, ಶಿಡ್ಲಘಟ್ಟದ ಅಶೋಕ ರಸ್ತೆ, ಚಿಂತಾಮಣಿಯ ಗಜಾನನ ವೃತ್ತದ ಆಸುಪಾಸು ಹಾಗೂ ಗೌರಿಬಿದನೂರಿನ ಎಂ.ಜಿ. ವೃತ್ತದ ಸುತ್ತಲಿನ ಬೀದಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಬದುಕಿನ ಕ್ರಮ ಇದು. ವ್ಯಾಪಾರ ಮತ್ತು ವಾಸ ಒಂದೇ ಸೂರಿನಡಿ ಸಾಗುವ ಈ ಕ್ರಮವನ್ನೇ ನಗರ ಯೋಜಕರು ಇಂದು ‘ಮಿಶ್ರ ಬಳಕೆ’ ಎಂದು ಕರೆಯುತ್ತಿದ್ದಾರೆ. ಹಳೆಯ ಪೇಟೆಗಳಿಗೆ ಮರುಜೀವ ನೀಡಲು ಅವುಗಳನ್ನು ಮಿಶ್ರ ಬಳಕೆಯ ವಲಯವೆಂದು ಘೋಷಿಸಬೇಕು ಎಂಬ ವಾದ ದೇಶದಾದ್ಯಂತ ಬಲಗೊಳ್ಳುತ್ತಿದೆ.

ಪೇಟೆಗಳು ಮೊದಲಿನಿಂದಲೂ ಮಿಶ್ರವಾಗಿಯೇ ಇವೆ. ಅದನ್ನು ಕಾಗದದಲ್ಲಿ ಒಪ್ಪಿಕೊಳ್ಳುವುದು ನ್ಯಾಯವೇ ಹೌದು. ಆದರೆ ನಕ್ಷೆಯ ಬಣ್ಣ ಬದಲಾದ ದಿನದಿಂದಲೇ ನಿವೇಶನದ ಬೆಲೆ ಏರತೊಡಗುತ್ತದೆ. ರಸ್ತೆಯ ಅಗಲ, ಕುಡಿಯುವ ನೀರು ಮತ್ತು ಒಳಚರಂಡಿ ಮಾತ್ರ ಇದ್ದಲ್ಲೇ ಇರುತ್ತವೆ. ಏರಿದ ಬೆಲೆಯ ಲಾಭ ಯಾರಿಗೆ ಸೇರಬೇಕು, ಹೆಚ್ಚುವ ಹೊರೆಯನ್ನು ಯಾರು ಹೊರಬೇಕು ಎಂಬುದನ್ನು ಮೊದಲೇ ತೀರ್ಮಾನಿಸದಿದ್ದರೆ, ಪೇಟೆಯನ್ನು ಉಳಿಸಲು ಹೊರಟ ಕ್ರಮವೇ ಪೇಟೆಯವರನ್ನು ಹೊರಹಾಕುವ ಸಾಧ್ಯತೆ ಇದೆ.

ಒಂದೇ ಹೆದ್ದಾರಿ, ನಾಲ್ಕು ಪೇಟೆ

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಮತ್ತು ಚಿಂತಾಮಣಿ ಪಟ್ಟಣಗಳನ್ನು ಹಿಂದೆ 234 ಎಂಬ ಸಂಖ್ಯೆ ಹೊಂದಿದ್ದ ರಾಷ್ಟ್ರೀಯ ಹೆದ್ದಾರಿ ಒಂದೇ ದಾರದಲ್ಲಿ ಪೋಣಿಸಿದೆ. ನಾಲ್ಕೂ ಪಟ್ಟಣಗಳಲ್ಲಿ ನಗರಸಭೆಗಳಿವೆ. 2011ರ ಜನಗಣತಿಯ ಪ್ರಕಾರ ಚಿಂತಾಮಣಿಯಲ್ಲಿ ಸುಮಾರು 76 ಸಾವಿರ, ಚಿಕ್ಕಬಳ್ಳಾಪುರದಲ್ಲಿ ಸುಮಾರು 64 ಸಾವಿರ, ಶಿಡ್ಲಘಟ್ಟದಲ್ಲಿ ಸುಮಾರು 51 ಸಾವಿರ ಹಾಗೂ ಗೌರಿಬಿದನೂರಿನಲ್ಲಿ ಸುಮಾರು 38 ಸಾವಿರ ಜನರಿದ್ದರು.

ಒಂದೇ ದಾರಿಯಲ್ಲಿದ್ದರೂ ನಾಲ್ಕರ ಸ್ವಭಾವ ಬೇರೆ ಬೇರೆ. ಚಿಂತಾಮಣಿ ಆಂಧ್ರದ ಗಡಿ ಭಾಗದೊಂದಿಗೂ ವ್ಯವಹರಿಸುವ ವಾಣಿಜ್ಯ ಪಟ್ಟಣ. ಅದರ ಟೊಮೆಟೊ ಮಾರುಕಟ್ಟೆ ಹೆಸರುವಾಸಿ. ಶಿಡ್ಲಘಟ್ಟದ್ದು ರೇಷ್ಮೆಯ ಬದುಕು. ಗೌರಿಬಿದನೂರಿಗೆ ಬೆಂಗಳೂರು–ಗುಂತಕಲ್ ರೈಲು ಮಾರ್ಗವೂ ಕೈಗಾರಿಕಾ ಪ್ರದೇಶವೂ ಇರುವುದರಿಂದ ಕಾರ್ಮಿಕರ ಬಾಡಿಗೆ ಮನೆಗಳಿಗೆ ಬೇಡಿಕೆ ಇದೆ. ಚಿಕ್ಕಬಳ್ಳಾಪುರವು 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಹೊಸ ಜಿಲ್ಲೆಯ ಕೇಂದ್ರವಾಯಿತು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಬೆಂಗಳೂರಿನ ಬೆಳವಣಿಗೆಯ ಬಿಸಿ ಹೈದರಾಬಾದ್ ಹೆದ್ದಾರಿಯುದ್ದಕ್ಕೂ ತಟ್ಟಿತು.

ಈ ಬೆಳವಣಿಗೆ ಹೆಚ್ಚಾಗಿ ಪಟ್ಟಣದ ಹೊರಗೆ ಹರಡಿದೆ. ಜಿಲ್ಲಾಡಳಿತ ಭವನ ಶಿಡ್ಲಘಟ್ಟ ರಸ್ತೆಗೆ ಹೋಯಿತು. ವೈದ್ಯಕೀಯ ಕಾಲೇಜಿನ ಆವರಣ ಅರೂರು ಬಳಿ ತಲೆ ಎತ್ತಿತು. ಹೊಸ ಬಡಾವಣೆಗಳು ಹೊಲ, ದ್ರಾಕ್ಷಿ ತೋಟಗಳಿದ್ದ ಜಾಗದಲ್ಲಿ ಮೂಡಿದವು. ಕಚೇರಿಯೊಂದು ಊರ ಹೊರಗೆ ಹೋದಾಗ ಅದರೊಂದಿಗೆ ಜೆರಾಕ್ಸ್ ಅಂಗಡಿ, ಹೋಟೆಲು, ಪತ್ರ ಬರಹಗಾರರ ಮೇಜು ಎಲ್ಲವೂ ಹೋಗುತ್ತವೆ. ಹಳೆಯ ಪೇಟೆಯಲ್ಲಿ ಹಗಲು ವಾಹನ ದಟ್ಟಣೆ ಉಳಿದರೂ, ಮೇಲಿನ ಮಹಡಿಗಳಲ್ಲಿ ವಾಸಿಸುವವರು ಒಬ್ಬೊಬ್ಬರಾಗಿ ಬಡಾವಣೆಗಳತ್ತ ಸಾಗುತ್ತಾರೆ. ಖಾಲಿಯಾದ ಮನೆ ಗೋದಾಮಾಗುತ್ತದೆ. ಸಂಜೆ ಷಟರ್ ಇಳಿದ ಮೇಲೆ ಬೀದಿ ನಿರ್ಜನವಾಗುತ್ತದೆ. ಮಿಶ್ರ ಬಳಕೆಯ ಪರವಾದ ವಾದ ಹುಟ್ಟುವುದು ಇಲ್ಲಿಯೇ. ಪೇಟೆಯಲ್ಲಿ ಮನೆಗಳು ಉಳಿದರೆ ರಸ್ತೆ, ಚರಂಡಿ, ಶಾಲೆಗಳಿಗೆ ಆಗಲೇ ಹಾಕಿರುವ ಹಣ ಸದ್ಬಳಕೆಯಾಗುತ್ತದೆ. ಊರಂಚಿನ ಕೃಷಿ ಭೂಮಿಯ ಮೇಲಿನ ಒತ್ತಡವೂ ತಗ್ಗುತ್ತದೆ ಎಂಬುದು ಅದರ ಸಾರ.

ಬಣ್ಣಗಳ ನಕ್ಷೆ

ರಾಜ್ಯದಲ್ಲಿ ಯಾವ ಜಾಗವನ್ನು ಯಾವುದಕ್ಕೆ ಬಳಸಬೇಕು ಎಂಬುದನ್ನು ನಿರ್ಧರಿಸುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದರನ್ವಯ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರವು ಮಹಾ ಯೋಜನೆಯನ್ನು ಸಿದ್ಧಪಡಿಸುತ್ತದೆ. ನಕ್ಷೆಯಲ್ಲಿ ವಸತಿ ಪ್ರದೇಶಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆಗೆ ಕೆಂಪು, ಉದ್ಯಾನಗಳಿಗೆ ಹಸಿರು ಬಣ್ಣ ಬಳಿಯುವುದು ರೂಢಿ. ಜತೆಗಿರುವ ವಲಯ ನಿಯಮಾವಳಿಯು ಪ್ರತಿ ಬಣ್ಣದ ವಲಯದಲ್ಲಿ ಏನು ಕಟ್ಟಬಹುದು, ಏನನ್ನು ಪ್ರಾಧಿಕಾರದ ವಿಶೇಷ ಅನುಮತಿಯೊಂದಿಗೆ ಮಾತ್ರ ಕಟ್ಟಬಹುದು, ಎಷ್ಟು ಎತ್ತರಕ್ಕೆ ಕಟ್ಟಬಹುದು ಎಂಬುದನ್ನು ವಿವರಿಸುತ್ತದೆ.

ಇಲ್ಲಿ ಸಾಮಾನ್ಯವಾಗಿ ಒಂದು ಗೊಂದಲ ಉಂಟಾಗುತ್ತದೆ. ಕೃಷಿ ಜಮೀನನ್ನು ಕೃಷಿಯೇತರ ಉದ್ದೇಶಕ್ಕೆ ಬದಲಿಸುವ ಭೂಪರಿವರ್ತನೆಯು 1964ರ ಭೂ ಕಂದಾಯ ಕಾಯ್ದೆಯಡಿ ಕಂದಾಯ ಇಲಾಖೆಯಲ್ಲಿ ನಡೆಯುವ ಪ್ರಕ್ರಿಯೆ. ವಸತಿಯಿಂದ ವಾಣಿಜ್ಯಕ್ಕೆ ಮಾಡುವ ಭೂ ಉಪಯೋಗ ಬದಲಾವಣೆಯು ಯೋಜನಾ ಕಾಯ್ದೆಗೆ ಸೇರಿದ್ದು. ಕಟ್ಟಡ ಪರವಾನಗಿ ನೀಡುವುದು ನಗರಸಭೆ. ಹಳೆಯ ಪೇಟೆಯಲ್ಲಿ ಮನೆ ಕೆಡವಿ ಅಂಗಡಿ ಮತ್ತು ಮನೆ ಕಟ್ಟಲು ಹೊರಟವರು ಪ್ರಾಧಿಕಾರ ಮತ್ತು ನಗರಸಭೆ ಎರಡರ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ.

ವಲಯಗಳನ್ನು ಕಟ್ಟುನಿಟ್ಟಾಗಿ ಬೇರ್ಪಡಿಸುವ ಕಲ್ಪನೆ ನಮ್ಮ ಪೇಟೆಗಳಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕ್ ನಗರ 1916ರಲ್ಲಿ ವಲಯ ನಿಯಮಗಳನ್ನು ಜಾರಿಗೆ ತಂದಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಹೊಗೆ ಕಾರುವ ಕಾರ್ಖಾನೆಗಳ ಪಕ್ಕದಿಂದ ಮನೆಗಳನ್ನು ದೂರವಿಡುವುದು ಅಂದಿನ ಕಾಳಜಿಗಳಲ್ಲಿ ಮುಖ್ಯವಾದುದು. ಕ್ರಮೇಣ ಮನೆಯಿಂದ ಅಂಗಡಿಯನ್ನೂ ದೂರವಿಡುವ ಪರಿಪಾಠ ಬೆಳೆಯಿತು. ಕರ್ನಾಟಕದ ಯೋಜನಾ ಕಾಯ್ದೆ ರೂಪುಗೊಂಡ 1961ರಲ್ಲಿಯೇ ಅಮೆರಿಕದ ಲೇಖಕಿ ಜೇನ್ ಜೇಕಬ್ಸ್ ಮಹಾನಗರಗಳ ಅಳಿವು ಉಳಿವಿನ ಕುರಿತ ತಮ್ಮ ಪ್ರಸಿದ್ಧ ಕೃತಿಯನ್ನು ಪ್ರಕಟಿಸಿ ಈ ಪರಿಪಾಠವನ್ನು ಪ್ರಶ್ನಿಸಿದರು. ಮನೆ, ಅಂಗಡಿ, ಕಚೇರಿ ಬೆರೆತಿರುವ ಬೀದಿಯಲ್ಲಿ ದಿನವಿಡೀ ಜನರಿರುತ್ತಾರೆ, ಜನರ ಕಣ್ಣಿರುವ ಬೀದಿಯೇ ಸುರಕ್ಷಿತ ಎಂಬುದು ಅವರ ಪ್ರತಿಪಾದನೆ. ಆ ಚಿಂತನೆಗೆ ಇಂದು ಜಗತ್ತಿನ ಅನೇಕ ನಗರಗಳು ಮರಳಿವೆ.

ಕಾಗದಕ್ಕೂ ಬೀದಿಗೂ ಇರುವ ಅಂತರ

ಬೀದಿ ಮಿಶ್ರವಾಗಿದ್ದು ನಕ್ಷೆ ಮಾತ್ರ ಒಂದೇ ಬಣ್ಣದಲ್ಲಿದ್ದರೆ ಏನು ತೊಂದರೆ? ಇದ್ದ ಕಟ್ಟಡ ಇದ್ದ ಹಾಗೆ ಇರುವವರೆಗೆ ಹೆಚ್ಚೇನಿಲ್ಲ. ಅದನ್ನು ಕೆಡವಿ ಹೊಸದು ಕಟ್ಟಲು ಹೊರಟಾಗ ತೊಡಕು ಎದುರಾಗುತ್ತದೆ. ಹಳೆಯ ಪೇಟೆಯ ನಿವೇಶನಗಳು ಕಿರಿದು, ಉದ್ದ. ಗೋಡೆಗೆ ಗೋಡೆ ತಾಗಿ ಕಟ್ಟಿದ ಮನೆಗಳು. 15 ಅಡಿ ಅಗಲದ ನಿವೇಶನದಲ್ಲಿ ಎರಡೂ ಬದಿ ತಲಾ 3 ಅಡಿ ಸೆಟ್‌ಬ್ಯಾಕ್ ಬಿಡಬೇಕೆಂದರೆ ಉಳಿಯುವುದು 9 ಅಡಿ. ಒಂದು ಕಾರು ನಿಲ್ಲಲು ಸುಮಾರು 2.5 ಮೀಟರ್ ಅಗಲ, 5 ಮೀಟರ್ ಉದ್ದದ ಜಾಗ ಬೇಕು. ಅದನ್ನು ನೆಲಮಹಡಿಯಲ್ಲೇ ಕೊಡಬೇಕೆಂದರೆ ಅಂಗಡಿಗೆ ಸ್ಥಳವೇ ಇಲ್ಲ. ಬಡಾವಣೆಯ ನಿವೇಶನಗಳನ್ನು ಮನಸ್ಸಿನಲ್ಲಿಟ್ಟು ಬರೆದ ನಿಯಮವನ್ನು ಪೇಟೆಯ ನಿವೇಶನಕ್ಕೆ ಅನ್ವಯಿಸಿದಾಗ ಪಾಲಿಸುವುದು ಅಸಾಧ್ಯವಾಗುತ್ತದೆ. ಪರಿಣಾಮವಾಗಿ ಮನೆಗೆಂದು ಪರವಾನಗಿ ಪಡೆದು ಅಂಗಡಿ ಕಟ್ಟುವುದು ಅಥವಾ ಪರವಾನಗಿಯ ಗೊಡವೆಯೇ ಇಲ್ಲದೆ ಕಟ್ಟುವುದು ವಾಡಿಕೆಯಾಗುತ್ತದೆ.

ಹಿಂದೆ ಇಂಥ ಉಲ್ಲಂಘನೆಗಳು ಸಕ್ರಮವಾಗುತ್ತವೆ ಎಂಬ ನಿರೀಕ್ಷೆ ಇತ್ತು. ಆದರೆ ಸರ್ಕಾರದ ಅಕ್ರಮ ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2024ರ ಡಿಸೆಂಬರ್‌ನಲ್ಲಿ ಇನ್ನೊಂದು ಪ್ರಕರಣದಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಕಟ್ಟಡ ಪೂರ್ಣಗೊಂಡಿರುವ ಅಥವಾ ಸ್ವಾಧೀನಾನುಭವದ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ನೀಡಬೇಕು ಎಂದು ದೇಶಕ್ಕೆಲ್ಲ ಅನ್ವಯಿಸುವ ನಿರ್ದೇಶನ ನೀಡಿತು. ಬ್ಯಾಂಕುಗಳೂ ಕಟ್ಟಡದ ಭದ್ರತೆಯ ಮೇಲೆ ಸಾಲ ನೀಡುವ ಮುನ್ನ ಈ ಪತ್ರವನ್ನು ಪರಿಶೀಲಿಸಬೇಕು ಎಂದಿತು. ಇದರ ಬಿಸಿ 2025ರಲ್ಲಿ ರಾಜ್ಯದ ಸಾವಿರಾರು ಮನೆ ಕಟ್ಟುವವರಿಗೆ ತಟ್ಟಿತು. ನಕ್ಷೆಗೆ ಹೊಂದದ ಕಟ್ಟಡಕ್ಕೆ ಪ್ರಮಾಣಪತ್ರ ಸಿಗದು. ಪ್ರಮಾಣಪತ್ರವಿಲ್ಲದಿದ್ದರೆ ವಿದ್ಯುತ್ ಸಂಪರ್ಕವೂ ಸಾಲವೂ ದುರ್ಲಭ. ವಲಯದ ಬಣ್ಣ ಕಡತದೊಳಗಿನ ವಿಷಯವಾಗಿ ಉಳಿಯದೆ, ಬೆಸ್ಕಾಂ ಮೀಟರಿನವರೆಗೆ ಬಂದು ನಿಂತಿದೆ.

ಬೆಂಗಳೂರು, ದೆಹಲಿ ಕಲಿಸಿದ ಪಾಠ

ಮಿಶ್ರ ಬಳಕೆಗೆ ಅನುಮತಿ ನೀಡಿದ ನಗರಗಳಲ್ಲಿ ಏನಾಯಿತು ಎಂಬುದಕ್ಕೆ ಹತ್ತಿರದ ಉದಾಹರಣೆ ಬೆಂಗಳೂರು. 2007ರಲ್ಲಿ ಅನುಮೋದನೆಗೊಂಡ ಪರಿಷ್ಕೃತ ಮಹಾ ಯೋಜನೆ 2015, ರಸ್ತೆಯ ಅಗಲ ಮತ್ತು ನಿವೇಶನದ ಅಳತೆಯನ್ನು ಆಧರಿಸಿ ವಸತಿ ಪ್ರದೇಶಗಳಲ್ಲಿ ವಾಣಿಜ್ಯ ಚಟುವಟಿಕೆಗೆ ಅವಕಾಶ ಕಲ್ಪಿಸಿತು. ಇಂದಿರಾನಗರ, ಕೋರಮಂಗಲದಂಥ ಬಡಾವಣೆಗಳಲ್ಲಿ ಮನೆಗಳಿದ್ದ ಸ್ಥಳದಲ್ಲಿ ಹೋಟೆಲು, ಪಬ್, ಕಚೇರಿಗಳು ಬಂದವು. ನಿದ್ದೆಗೆಟ್ಟ ನಿವಾಸಿಗಳ ಸಂಘಟನೆಗಳು ಹೈಕೋರ್ಟ್ ಮೆಟ್ಟಿಲೇರಿದವು. ಮುಂದಿನ ಯೋಜನೆಯಾದ ಮಹಾ ಯೋಜನೆ 2031ರ ಕರಡು 2017ರಲ್ಲಿ ಪ್ರಕಟವಾಯಿತಾದರೂ 2020ರಲ್ಲಿ ಅದನ್ನು ಹಿಂಪಡೆಯಲಾಯಿತು.

ದೆಹಲಿಯ ಅನುಭವ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ವಸತಿ ಪ್ರದೇಶದ ಅಂಗಡಿಗಳು ದಶಕಗಳ ಕಾಲ ಅಕ್ರಮವಾಗಿಯೇ ಬೆಳೆದವು. 2006ರಲ್ಲಿ ಸುಪ್ರೀಂ ಕೋರ್ಟ್ ಆದೇಶದಂತೆ ಅವುಗಳಿಗೆ ಬೀಗಮುದ್ರೆ ಹಾಕುವ ಕಾರ್ಯಾಚರಣೆ ಆರಂಭವಾದಾಗ ವ್ಯಾಪಾರಿಗಳು ಬೀದಿಗಿಳಿದರು. ಅದೇ ವರ್ಷ ಎರಡು ಸಾವಿರಕ್ಕೂ ಹೆಚ್ಚು ಬೀದಿಗಳಲ್ಲಿ ವಾಣಿಜ್ಯ ಅಥವಾ ಮಿಶ್ರ ಬಳಕೆಗೆ ಅಧಿಸೂಚನೆ ಹೊರಬಿತ್ತು. 2007ರ ಫೆಬ್ರುವರಿಯಲ್ಲಿ ಜಾರಿಯಾದ ದೆಹಲಿ ಮಹಾ ಯೋಜನೆ 2021 ಮಿಶ್ರ ಬಳಕೆಯ ನಿಯಮಗಳನ್ನು ಒಳಗೊಂಡಿತು. ಅಂಗಡಿದಾರರು ಪರಿವರ್ತನಾ ಶುಲ್ಕವನ್ನೂ ವಾಹನ ನಿಲುಗಡೆ ಶುಲ್ಕವನ್ನೂ ಕಟ್ಟಬೇಕಾಯಿತು. ಶುಲ್ಕ ಬಾಕಿ ಉಳಿಸಿಕೊಂಡ ಅಂಗಡಿಗಳಿಗೆ 2017ರ ಕೊನೆಯಲ್ಲಿ ಮತ್ತೆ ಬೀಗ ಬಿತ್ತು. ಶುಲ್ಕ ಕಟ್ಟಿದ್ದರೂ ನಿಲುಗಡೆ ವ್ಯವಸ್ಥೆ ಕಾಣಲಿಲ್ಲ ಎಂಬುದು ವ್ಯಾಪಾರಿಗಳ ದೂರಾಗಿತ್ತು.

ಎರಡೂ ನಗರಗಳಿಂದ ಹೊಮ್ಮುವ ಪಾಠ ಒಂದೇ. ಯಾವ ಬೀದಿಯಲ್ಲಿ, ಯಾವ ಬಗೆಯ ವ್ಯಾಪಾರ, ಎಷ್ಟು ಹೊತ್ತಿನವರೆಗೆ ಎಂಬ ವಿವರವಿಲ್ಲದ ಅನುಮತಿ ಜಗಳಕ್ಕೆ ದಾರಿ. ಕಿರಾಣಿ ಅಂಗಡಿ, ಟೈಲರ್, ಚಿಕಿತ್ಸಾಲಯ, ಟ್ಯೂಷನ್ ತರಗತಿ ಮನೆಯೊಂದಿಗೆ ಹೊಂದಿಕೊಳ್ಳುತ್ತವೆ. ವೆಲ್ಡಿಂಗ್ ಶೆಡ್, ಬಾರ್, ಕಲ್ಯಾಣ ಮಂಟಪ ಹೊಂದಿಕೊಳ್ಳುವುದು ಕಷ್ಟ. ವಲಯ ನಿಯಮಾವಳಿಯಲ್ಲಿ ಈ ಪಟ್ಟಿ ಊರಿಗೆ ತಕ್ಕಂತೆ ಇರಬೇಕೇ ಹೊರತು ಬೆಂಗಳೂರಿನ ಪಟ್ಟಿಯ ನಕಲಾಗಬಾರದು.

ಮಹಡಿಯ ಲೆಕ್ಕ, ನೀರಿನ ಲೆಕ್ಕ

ಮಿಶ್ರ ಬಳಕೆಗೆ ಉತ್ತೇಜನ ನೀಡಲು ಸಾಮಾನ್ಯವಾಗಿ ಹಿಡಿಯುವ ದಾರಿ ಎಫ್‌ಎಆರ್ ಹೆಚ್ಚಳ. ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಡ ಕಟ್ಟಬಹುದು ಎಂಬ ಅನುಪಾತವೇ ಎಫ್‌ಎಆರ್. ಉದಾಹರಣೆಗೆ 20 ಅಡಿ ಅಗಲ, 60 ಅಡಿ ಉದ್ದದ ನಿವೇಶನದ ವಿಸ್ತೀರ್ಣ 1,200 ಚದರ ಅಡಿ. ಅನುಪಾತ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರ ಅಡಿ ಕಟ್ಟಬಹುದು. ಅದನ್ನು 2.5ಕ್ಕೆ ಏರಿಸಿದರೆ 3,000 ಚದರ ಅಡಿ. ಅಂದರೆ ಒಂದು ಸಾಲಿನ ತಿದ್ದುಪಡಿಯಿಂದ ಮಾಲೀಕರಿಗೆ 900 ಚದರ ಅಡಿ ಕಟ್ಟುವ ಹಕ್ಕು ದೊರೆಯುತ್ತದೆ.

ಆ ಹಕ್ಕಿನ ಜತೆಗೆ ನೀರು ಬರುವುದಿಲ್ಲ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕು ಎಂಬುದು ಕೇಂದ್ರದ ಮಾನದಂಡ. ಐವರ ಕುಟುಂಬವಿದ್ದ ಮನೆಗೆ ದಿನಕ್ಕೆ 675 ಲೀಟರ್ ಸಾಕಾಗಿದ್ದರೆ, ಅದೇ ಜಾಗದಲ್ಲಿ ತಲಾ ನಾಲ್ವರ ಆರು ಕುಟುಂಬಗಳು ನೆಲೆಸಿದಾಗ 3,240 ಲೀಟರ್ ಬೇಕಾಗುತ್ತದೆ. ಅಷ್ಟೇ ಪ್ರಮಾಣದಲ್ಲಿ ಚರಂಡಿಯ ಹೊರೆಯೂ ಏರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಜಿಲ್ಲಾ ಕೇಂದ್ರಕ್ಕೆ ಆಸರೆಯಾಗಿರುವ ಜಕ್ಕಲಮಡಗು ಜಲಾಶಯದ ನೀರನ್ನು ದೊಡ್ಡಬಳ್ಳಾಪುರದೊಂದಿಗೆ ಹಂಚಿಕೊಳ್ಳಬೇಕು. ಎಚ್.ಎನ್. ವ್ಯಾಲಿ ಯೋಜನೆಯಡಿ ಬೆಂಗಳೂರಿನಿಂದ ಕೆರೆಗಳಿಗೆ ಬರುವ ಸಂಸ್ಕರಿತ ನೀರು ಅಂತರ್ಜಲ ಮರುಪೂರಣಕ್ಕೆಂದು ಬಂದದ್ದೇ ಹೊರತು ನಲ್ಲಿಗೆ ಹರಿಸಲು ಅಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಮಹಡಿಗಳಿಗೂ ಅನ್ವಯಿಸುತ್ತದೆ. ಯಾವ ವಾರ್ಡಿನಲ್ಲಿ ನೀರು ಮತ್ತು ಒಳಚರಂಡಿ ಎಷ್ಟು ಮಂದಿಯನ್ನು ತಾಳಬಲ್ಲವು ಎಂಬ ಲೆಕ್ಕ ಮೊದಲು, ಎಫ್‌ಎಆರ್ ಆಮೇಲೆ ಎಂಬ ಕ್ರಮ ಇಲ್ಲಿ ಅನಿವಾರ್ಯ.

ಶಿಡ್ಲಘಟ್ಟದ ವಿಶೇಷ

ಮಿಶ್ರ ಬಳಕೆ ಎಂದರೆ ಅಂಗಡಿ ಮತ್ತು ಮನೆ ಎಂದಷ್ಟೇ ಅರ್ಥ ಮಾಡಿದರೆ ಅತಿ ಹೆಚ್ಚು ಪೆಟ್ಟು ಬೀಳುವುದು ಶಿಡ್ಲಘಟ್ಟಕ್ಕೆ. ಇಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆ ರಾಮನಗರದ ಮಾರುಕಟ್ಟೆಯೊಂದಿಗೆ ರಾಜ್ಯದ ದೊಡ್ಡ ಮಾರುಕಟ್ಟೆಗಳ ಸಾಲಿನಲ್ಲಿದೆ. 1959ರ ಕಾಯ್ದೆಯಂತೆ ಗೂಡಿನ ವಹಿವಾಟು ಸರ್ಕಾರಿ ಮಾರುಕಟ್ಟೆಯ ಮೂಲಕವೇ ನಡೆಯುವ ವ್ಯವಸ್ಥೆ ಇರುವುದರಿಂದ ಮಾರುಕಟ್ಟೆಯ ಸುತ್ತ ನೂಲು ಬಿಚ್ಚಾಣಿಕೆದಾರರ ಮನೆಗಳು ಬೆಳೆದಿವೆ. ಚರಕ, ಕಾಟೇಜ್ ಬೇಸಿನ್ ಘಟಕಗಳು ಎಷ್ಟೋ ಕಡೆ ಮನೆಯ ಭಾಗವೇ ಆಗಿವೆ. ಬಿಸಿ ನೀರಿನಲ್ಲಿ ಗೂಡು ಬೇಯಿಸುವ ಹಬೆ, ಸೌದೆಯ ಹೊಗೆ, ಸತ್ತ ಹುಳುವಿನ ವಾಸನೆ, ಹೊರಬೀಳುವ ಕೊಳಕು ನೀರು ಎಲ್ಲವೂ ಬೀದಿಯೊಂದಿಗೆ ಬೆರೆತಿವೆ.

ನಿಯಮದ ಕಣ್ಣಿನಲ್ಲಿ ಇದು ಕೈಗಾರಿಕೆ. ಪೇಟೆಯನ್ನು ವಾಣಿಜ್ಯ ಮತ್ತು ವಸತಿಯ ಮಿಶ್ರ ವಲಯವೆಂದು ಘೋಷಿಸಿ ಗೃಹ ಕೈಗಾರಿಕೆಯನ್ನು ಪಟ್ಟಿಯಿಂದ ಕೈಬಿಟ್ಟರೆ, ನಿನ್ನೆಯವರೆಗೆ ಸಹಜವಾಗಿದ್ದ ವೃತ್ತಿ ಅನಧಿಕೃತವಾಗುತ್ತದೆ. ಪಕ್ಕದಲ್ಲಿ ಹೊಸ ಮಳಿಗೆ, ಹೊಸ ಮನೆ ಬಂದಂತೆ ವಾಸನೆಯ ದೂರುಗಳೂ ಹೆಚ್ಚುತ್ತವೆ. ಹಾಗೆಂದು ಹೊಗೆ, ಕೊಳಕು ನೀರನ್ನು ಹಾಗೆಯೇ ಬಿಡುವಂತಿಲ್ಲ. ಅವುಗಳ ನಡುವೆ ಬದುಕುವ ಮಕ್ಕಳು ಬಿಚ್ಚಾಣಿಕೆದಾರರ ಮಕ್ಕಳೇ. ಬಿಚ್ಚಾಣಿಕೆಯನ್ನು ಅನುಮತಿಸಿದ ಬಳಕೆಯೆಂದು ಹೆಸರಿಸುವುದು, ಅದಕ್ಕೆ ಚಿಮಣಿ ಮತ್ತು ತ್ಯಾಜ್ಯ ನೀರಿನ ಷರತ್ತು ವಿಧಿಸುವುದು, ಷರತ್ತು ಪೂರೈಸಲು ಸಾಮೂಹಿಕ ಶುದ್ಧೀಕರಣ ವ್ಯವಸ್ಥೆ ಒದಗಿಸುವುದು ನಡುಹಾದಿಯಾದೀತು. ಊರಿನ ಹೊರಗೆ ಹೊಸ ಮಾರುಕಟ್ಟೆ ಬಂದರೂ ಮಾರುಕಟ್ಟೆ ಹೋದಷ್ಟು ಸುಲಭವಾಗಿ ಮನೆಗಳು ಹೋಗಲಾರವು.

ಬಾಡಿಗೆದಾರರ ಪಾಡು

ಪೇಟೆಯಲ್ಲಿ ವ್ಯಾಪಾರ ಮಾಡುವವರೆಲ್ಲ ಕಟ್ಟಡದ ಮಾಲೀಕರಲ್ಲ. ಎಷ್ಟೋ ಅಂಗಡಿಗಳು ತಿಂಗಳ ಬಾಡಿಗೆಯ ಮೇಲೆ, ಬಾಯಿ ಮಾತಿನ ಕರಾರಿನ ಮೇಲೆ ನಡೆಯುತ್ತವೆ. ಬೇರೆ ಕರಾರು ಅಥವಾ ವಿಶೇಷ ಕಾನೂನಿನ ರಕ್ಷಣೆ ಇಲ್ಲದ ಕಡೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ತಿಂಗಳ ಬಾಡಿಗೆಯನ್ನು ಕೊನೆಗೊಳಿಸಲು 15 ದಿನಗಳ ನೋಟಿಸು ಸಾಕು. ಹೊಸ ವಲಯ ಘೋಷಣೆಯಾಗಿ ಕಟ್ಟಡ ಕೆಡವಿ ಕಟ್ಟುವುದು ಲಾಭದಾಯಕವಾದಾಗ ಮೊದಲು ಹೊರಬೀಳುವವರು ಇವರೇ. ಮೂವತ್ತು ವರ್ಷಗಳಿಂದ ಒಂದೇ ಜಾಗದಲ್ಲಿ ಕೂತು ಗಿರಾಕಿಗಳನ್ನು ಗಳಿಸಿದವರಿಗೆ ಹೊಸ ಮಳಿಗೆಯ ಮುಂಗಡ ಹೊಂದಿಸುವುದು ಅಸಾಧ್ಯವಾಗಬಹುದು.

ಬೀದಿ ವ್ಯಾಪಾರಿಗಳ ಸ್ಥಿತಿ ಕೊಂಚ ಭಿನ್ನ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಯಂತೆ ಪಟ್ಟಣ ವ್ಯಾಪಾರ ಸಮಿತಿ ರಚನೆ, ಸಮೀಕ್ಷೆ ಮತ್ತು ವ್ಯಾಪಾರ ವಲಯ ಗುರುತಿಸುವಿಕೆ ಕಡ್ಡಾಯ. ಸಮೀಕ್ಷೆ ಮುಗಿಯದೆ ಎತ್ತಂಗಡಿ ಮಾಡುವಂತಿಲ್ಲ. ಆದರೆ ಮಹಾ ಯೋಜನೆಯ ನಕ್ಷೆಯಲ್ಲಿ ಹೂವು, ಹಣ್ಣು, ಸೊಪ್ಪು ಮಾರುವವರ ಜಾಗ ಗುರುತಾಗದಿದ್ದರೆ, ರಸ್ತೆ ವಿಸ್ತರಣೆ ಮತ್ತು ಹೊಸ ಕಟ್ಟಡಗಳ ನಡುವೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಏರಿದ ಬೆಲೆಯಲ್ಲಿ ಊರಿನ ಪಾಲು

ವಲಯ ಬದಲಾವಣೆಯಿಂದ ಏರುವ ಬೆಲೆ ಮಾಲೀಕರ ದುಡಿಮೆಯಿಂದ ಬಂದದ್ದಲ್ಲ, ಸರ್ಕಾರದ ಒಂದು ತೀರ್ಮಾನದಿಂದ ಬಂದದ್ದು. ಯೋಜನಾ ಕಾಯ್ದೆಯನ್ನು ರೂಪಿಸಿದವರಿಗೆ ಇದರ ಅರಿವಿತ್ತು. ಕಾಯ್ದೆಯ 18ನೇ ಕಲಮಿನಂತೆ, ಭೂ ಉಪಯೋಗ ಬದಲಾವಣೆ ಅಥವಾ ಅಭಿವೃದ್ಧಿಗೆ ಅನುಮತಿ ನೀಡಿದಾಗ ಮಾಲೀಕರ ಆದಾಯ ಹೆಚ್ಚುವಂತಿದ್ದರೆ, ಅಂದಾಜು ಮೌಲ್ಯವೃದ್ಧಿಯ ಮೂರನೇ ಒಂದು ಭಾಗವನ್ನು ಮೀರದಂತೆ ಶುಲ್ಕ ವಿಧಿಸಬಹುದು. ಆ ಹಣ ಅದೇ ಪೇಟೆಯ ಚರಂಡಿಗೆ, ಪಾದಚಾರಿ ಮಾರ್ಗಕ್ಕೆ, ಸಾಮೂಹಿಕ ವಾಹನ ನಿಲುಗಡೆಗೆ ಮರಳಿದರೆ ಶುಲ್ಕಕ್ಕೆ ಅರ್ಥವಿದೆ. ಕಿರಿದಾದ ಪ್ರತಿ ನಿವೇಶನದಲ್ಲೂ ಕಾರಿಗೆ ಜಾಗ ಬಿಡಿ ಎನ್ನುವ ಬದಲು, ಪಾಲು ಹಣ ಪಡೆದು ಸಂತೆ ಮೈದಾನದಂಥ ಒಂದೆಡೆ ನಿಲುಗಡೆ ಕಲ್ಪಿಸುವುದು ಇಂಥ ಪೇಟೆಗಳಿಗೆ ಹೆಚ್ಚು ಒಗ್ಗುವ ಉಪಾಯ. ಆದರೆ ದೆಹಲಿಯಲ್ಲಿ ಆದಂತೆ ಹಣ ಮೊದಲು ಸೇರಿ ನಿಲುಗಡೆ ಕಾಣದೇ ಹೋದರೆ ಜನರ ವಿಶ್ವಾಸ ಕುಸಿಯುತ್ತದೆ.

ರಸ್ತೆ ವಿಸ್ತರಣೆಯ ಪ್ರಶ್ನೆಯೂ ಇದಕ್ಕೆ ತಳಕು ಹಾಕಿಕೊಂಡಿದೆ. ರಸ್ತೆ ಅಗಲವಾದಷ್ಟೂ ಹೆಚ್ಚು ಮಹಡಿಗೆ ಅವಕಾಶ ಎಂಬ ನಿಯಮ ಇರುವುದರಿಂದ, ಹಿಂದಿನ ಸಾಲಿನವರಿಗೆ ವಿಸ್ತರಣೆ ಲಾಭ, ಮುಂದಿನ ಸಾಲಿನವರಿಗೆ ಅರ್ಧ ಅಂಗಡಿಯೇ ನಷ್ಟ. ಬಿಟ್ಟುಕೊಟ್ಟ ಜಾಗಕ್ಕೆ ಹಣದ ಬದಲು ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು, ಅಂದರೆ ಟಿಡಿಆರ್ ನೀಡಲು ಕಾಯ್ದೆಯಲ್ಲಿ ಅವಕಾಶವಿದೆ. ಬೆಂಗಳೂರಿನಲ್ಲಿ ಅದಕ್ಕೆ ಕೊಳ್ಳುವವರಿದ್ದಾರೆ. ಸಣ್ಣ ಪಟ್ಟಣದಲ್ಲಿ ಹೆಚ್ಚುವರಿ ಮಹಡಿಯ ಹಕ್ಕನ್ನು ಬೆಲೆ ಕೊಟ್ಟು ಕೊಳ್ಳುವವರು ವಿರಳ. 12 ಅಡಿ ಆಳದ ಅಂಗಡಿಯಲ್ಲಿ 6 ಅಡಿ ಕಳೆದುಕೊಂಡವರಿಗೆ ಟಿಡಿಆರ್ ಪತ್ರದಿಂದ ಜೀವನ ಸಾಗದು. 2013ರ ಭೂಸ್ವಾಧೀನ ಕಾಯ್ದೆಯಂಥ ಕಾನೂನಿನಡಿ ನಗದು ಪರಿಹಾರವೇ ಅಂಥವರಿಗೆ ಆಸರೆ.

ಎರಡು ದಾರಿ, ಎರಡು ಗಡುವು

ವಲಯ ಬದಲಾವಣೆಗೆ ಕಾಯ್ದೆಯಲ್ಲಿ ಎರಡು ದಾರಿಗಳಿವೆ. ಮೊದಲನೆಯದು 14-ಎ ಕಲಮಿನಡಿ ಬಿಡಿ ಬಿಡಿಯಾಗಿ ಮಾಡುವ ಬದಲಾವಣೆ. ಇದಕ್ಕೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು. ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ ಆಕ್ಷೇಪಣೆ ಸಲ್ಲಿಸಲು ಕನಿಷ್ಠ 15 ದಿನಗಳ ಅವಕಾಶ ಕೊಡಬೇಕು. ಈ ದಾರಿಯಲ್ಲಿ ಅರ್ಜಿ ಹಾಕಲು ಶಕ್ತರಾದವರ ನಿವೇಶನ ಮಾತ್ರ ಬಣ್ಣ ಬದಲಿಸುತ್ತದೆ. ಒಂದೇ ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು ತೇಪೆ ಹಚ್ಚಿದಂತಾಗುತ್ತದೆ.

ಎರಡನೆಯದು ಮಹಾ ಯೋಜನೆಯ ಪರಿಷ್ಕರಣೆ. ಕನಿಷ್ಠ ಹತ್ತು ವರ್ಷಗಳಿಗೊಮ್ಮೆ ಸಮೀಕ್ಷೆ ನಡೆಸಿ ಯೋಜನೆಯನ್ನು ಪರಿಷ್ಕರಿಸಬೇಕು ಎಂದು ಕಾಯ್ದೆಯ 13-ಡಿ ಕಲಮು ಹೇಳುತ್ತದೆ. ಕರಡು ಪ್ರಕಟವಾದ ಮೇಲೆ ಸಾರ್ವಜನಿಕರಿಗೆ 60 ದಿನಗಳ ಅವಕಾಶವಿರುತ್ತದೆ. ಇಡೀ ಪೇಟೆಯನ್ನು ಒಂದು ಘಟಕವಾಗಿ ನೋಡಲು, ರಸ್ತೆ, ನೀರು, ನಿಲುಗಡೆ, ಬೀದಿ ವ್ಯಾಪಾರ ಎಲ್ಲವನ್ನೂ ಒಟ್ಟಿಗೆ ತೂಗಿ ನೋಡಲು ಈ ದಾರಿಯೇ ಸೂಕ್ತ. 2021ರಲ್ಲಿ ಆರಂಭವಾದ ಕೇಂದ್ರದ ಅಮೃತ್ 2.0 ಯೋಜನೆಯು 50 ಸಾವಿರದಿಂದ ಒಂದು ಲಕ್ಷದೊಳಗಿನ ಜನಸಂಖ್ಯೆಯ ಪಟ್ಟಣಗಳಿಗೆ ಜಿಐಎಸ್ ಆಧಾರಿತ ಮಹಾ ಯೋಜನೆ ರೂಪಿಸಲು ನೆರವಿನ ಉಪಯೋಜನೆಯೊಂದನ್ನು ಒಳಗೊಂಡಿದೆ. 2011ರ ಜನಗಣತಿಯ ಲೆಕ್ಕದಲ್ಲಿ ಚಿಂತಾಮಣಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಈ ವರ್ಗಕ್ಕೆ ಸೇರುತ್ತವೆ, ಗೌರಿಬಿದನೂರು ಹೊರಗುಳಿಯುತ್ತದೆ.

ಆಕ್ಷೇಪಣೆ ಎಂದರೆ ವಿರೋಧ ಎಂದೇ ಅರ್ಥವಲ್ಲ, ಸಲಹೆಯನ್ನೂ ಸಲ್ಲಿಸಬಹುದು. ಮಾಲೀಕರಷ್ಟೇ ಅಲ್ಲ, ಬಾಡಿಗೆದಾರರು, ಬಿಚ್ಚಾಣಿಕೆದಾರರು, ಮೇಲ್ಮಹಡಿಯ ನಿವಾಸಿಗಳೂ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯಬಹುದು. ಕರಡು ನಕ್ಷೆಯಲ್ಲಿ ತಮ್ಮ ಬೀದಿಗೆ ಯಾವ ಬಣ್ಣವಿದೆ, ರಸ್ತೆಯ ಪ್ರಸ್ತಾವಿತ ಅಗಲ ಎಷ್ಟು, ಅನುಮತಿಸಿದ ಬಳಕೆಗಳ ಪಟ್ಟಿಯಲ್ಲಿ ತಮ್ಮ ವೃತ್ತಿಯ ಹೆಸರಿದೆಯೇ, ಸಂಗ್ರಹವಾಗುವ ಶುಲ್ಕ ಎಲ್ಲಿ ವೆಚ್ಚವಾಗುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡರೆ ಬಹುಪಾಲು ವಿಷಯ ತಿಳಿಯುತ್ತದೆ. ಯೋಜನೆ ಅಂತಿಮಗೊಂಡ ಮೇಲೆ ನಡೆಸುವ ಬಂದ್, ಪ್ರತಿಭಟನೆಗಳು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ ಆ ಪ್ರಕಟಣೆಯನ್ನು ಓದುವವರು ಕಡಿಮೆ. ಓದಿದ ಕೆಲವರು ನಿವೇಶನ ಕೊಳ್ಳಲು ಮುಂದಾಗುತ್ತಾರೆ. ಪೇಟೆಯಲ್ಲಿ ಬದುಕುವವರೂ ಅದನ್ನು ಓದಿ, ಗಡುವಿನೊಳಗೆ ತಮ್ಮ ಮಾತನ್ನು ದಾಖಲಿಸಿದರೆ ಮಾತ್ರ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ಹಳೆಯ ಕ್ರಮ ಅದೇ ಜನರ ಕೈಯಲ್ಲಿ ಮುಂದುವರಿದೀತು.